ಸೂಪರ್ ಫ್ಯಾಮಿಕಾಮ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಜಪಾನಿನಲ್ಲಿ 1990ರ ನವೆಂಬರ್ 21ಕ್ಕೆ 25,000 ಯೆನ್‌ಗೆ ಬಂದ ನಿಂಟೆಂಡೋದ ಈ ಕನ್ಸೋಲ್, ಹಳೆಯ ಆಟ ಕೂಡಿಡಲು ಹೊರಟವರು ಮೊದಲು ಕೊಳ್ಳಬೇಕಾದದ್ದು. ಕಂಟ್ರೋಲರ್ ಹಗುರ, ನಾಲ್ಕು ಬಣ್ಣದ ಗುಂಡಿಗಳು ಹೆಬ್ಬೆರಳಿಗೆ ಹೇಳಿಮಾಡಿಸಿದಂತಿವೆ.

ಎಡವುವುದು ಪವರ್‌ನಲ್ಲಿ. ಮೂಲ ಅಡಾಪ್ಟರ್ 100 ವೋಲ್ಟ್‌ನದು. 230 ವೋಲ್ಟ್‌ಗೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಬದಲಿಯದು 10 ವೋಲ್ಟ್, 850 ಮಿಲಿಆಂಪ್ ಇರಲಿ, ಪಿನ್ನಿನ ನಡುಭಾಗ ನೆಗೆಟಿವ್ ಆಗಿರಲಿ. ಈ ಕೊನೆಯದನ್ನು ಎರಡು ಸಲ ನೋಡಿ. ಧ್ರುವ ಉಲ್ಟಾ ಆದರೆ ಒಳಗಿನ ಫ್ಯೂಸ್ ಹಾರಬಹುದು.

ತೆರೆ ಕಪ್ಪಾಗೇ ಉಳಿದರೆ ಕನ್ಸೋಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಕಾರ್ಟ್ರಿಜ್‌ನ (ಆಟವಿರುವ ಪ್ಲಾಸ್ಟಿಕ್ ಡಬ್ಬಿಯ) ಲೋಹದ ಹಲ್ಲುಗಳಿಗೆ ಕೊಳೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಕಪ್ಪು ಬರುವುದು ನಿಲ್ಲುವವರೆಗೆ ಉಜ್ಜಿ, ಒಣಗಿಸಿ ಹಾಕಿ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಲೋಹ ಹಾಳಾಗುತ್ತದೆ.

ಸೇವ್ (ಆಟ ಎಲ್ಲಿಗೆ ಬಂತೆಂಬ ದಾಖಲೆ) ಉಳಿಯದಿದ್ದರೆ ಕಾರ್ಟ್ರಿಜ್ ಒಳಗಿನ 3 ವೋಲ್ಟ್ ಬಿಲ್ಲೆ ಬ್ಯಾಟರಿ ಮುಗಿದಿದೆ. ಕಾರ್ಟ್ರಿಜ್ ಬಿಚ್ಚಲು 3.8 ಮಿಮೀ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು. ಬಿಲ್ಲೆಗೇ ನೇರವಾಗಿ ಬೆಸುಗೆ ಹಾಕಬೇಡಿ, ಲೋಹದ ಪಟ್ಟಿ ಕೂಡಿಸಿದ ಬ್ಯಾಟರಿಯನ್ನೇ ತನ್ನಿ. ಹಳೆಯ ಬ್ಯಾಟರಿ ತೆಗೆದ ಕೂಡಲೇ ಹಳೆಯ ಸೇವ್ ಅಳಿಯುತ್ತದೆ.

ಜಪಾನಿ ಓದಲು ಬಾರದವರು ಆಕ್ಷನ್, ರೇಸಿಂಗ್ ಆಟಗಳಿಂದ ಶುರುಮಾಡಿ. ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪ್ರತಿ ಮೆನುವೂ ಗೋಡೆಯಾಗುತ್ತದೆ.