ಕ್ವಾರ್ಟರ್‌ಬ್ಯಾಕ್ ಕಾಲು ನೋಡೋಕೆ ಕಟ್ಟಿದ ದುಡ್ಡು, 5ಕ್ಕೆ 3 ಸ್ಟಾರ್

ಹೂಸ್ಟನ್‌ಗೆ ಬಂದು ನಾಕು ವರ್ಷ ಆಯ್ತು, ಸೋಮವಾರ ಆಫೀಸಲ್ಲಿ ಎಲ್ರದ್ದೂ ಒಂದೇ ಮಾತು, ಯಾವ ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲಲ್ಲಿ ಚೆಂಡು ಎಸೆದು ಆಟ ನಡೆಸೋನು) ವೇಸ್ಟು ಯಾವನು ಬೆಸ್ಟು ಅಂತ. ನಂಗೂ ಬಾಯಿ ಹಾಕೋಣ ಅನ್ನಿಸಿ ಎನ್‌ಎಫ್‌ಎಲ್ ಅನ್ನೋ ಆ ಆಟದ ದೊಡ್ಡ ಲೀಗಿನ ಕೋಚಸ್ ಫಿಲ್ಮ್, ಅಂದ್ರೆ ಕೋಚ್‌ಗಳು ನೋಡೋ ವಿಡಿಯೋ, ಸಿಗೋ ಒಂದು ಆಪ್‌ಗೆ ಸೀಸನ್ ಪೂರ್ತಿ ದುಡ್ಡು ಕಟ್ಟಿದೆ. ಹೆಸರು ಬೇಡ ಬಿಡಿ.

ಟಿವಿಲಿ ಕ್ಯಾಮೆರಾ ಬರೀ ಚೆಂಡಿನ ಹಿಂದೆ ಓಡುತ್ತೆ, ಇದರಲ್ಲಿ ಮೇಲಿಂದ ಎರಡೂ ಟೀಮಿನ 22 ಜನನೂ ಕಾಣ್ತಾರೆ, ಅದಕ್ಕೇ ಆಲ್-22 ಅನ್ನೋದು. 2012ರ ತನಕ ಅಭಿಮಾನಿಗಳಿಗೆ ಇದನ್ನ ಕೊಡ್ತಾನೇ ಇರ್ಲಿಲ್ವಂತೆ.

ಮೊದಲು ಹಾಕಿದ್ದು 2019ರ ಜೆಟ್ಸ್-ಪೇಟ್ರಿಯಟ್ಸ್ ಮ್ಯಾಚು. ಜೆಟ್ಸ್ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ ನಾಕು ಇಂಟರ್‌ಸೆಪ್ಷನ್ (ಎಸೆದ ಪಾಸ್ ಎದುರಾಳಿ ಕೈಗೆ ಸಿಗೋದು) ಕೊಟ್ಟು 33-0 ಸೋತು, ದೆವ್ವ ಕಾಣ್ತಿದೆ ಅಂದಿದ್ದು ಮೈಕಲ್ಲಿ ಸಿಕ್ಕಾಕೊಂಡಿತ್ತಲ್ಲ, ಅದೇ. ಎಲ್ರೂ ನಕ್ಕಿದ್ರು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ರೆ ಗೊತ್ತಾಗುತ್ತೆ, ಡಿಫೆನ್ಸ್‌ನೋರು ಲೈನ್ ಹತ್ರ ಗುಂಪು ಕಟ್ಕೊಂಡು ಎಲ್ಲಾ ನುಗ್ತಾರೆ ಅನ್ನೋ ಥರ ನಿಂತಿರ್ತಾರೆ, ನುಗ್ಗೋರು ಯಾರು ಹಿಂದಕ್ಕೆ ಸರಿಯೋರು ಯಾರು ಅಂತ ಎರಡೂವರೆ ಸೆಕೆಂಡಲ್ಲಿ ಲೆಕ್ಕ ಹಾಕ್ಬೇಕು, ಪಾಪ ಆ ಹುಡುಗನ ಕಾಲು ಯಾರೂ ಮುಟ್ಟೋ ಮುಂಚೇನೇ ಹಿಂದೆ ಹಿಂದೆ ಜಾರ್ತಿತ್ತು. ಆಮೇಲೆ ಇದೇ ಮನುಷ್ಯ 2024ರಲ್ಲಿ ಮಿನ್ನೆಸೋಟಾ ಟೀಮ್‌ಗೆ 14 ಮ್ಯಾಚ್ ಗೆದ್ದುಕೊಟ್ಟ! ಹುಡುಗನ್ನ ಬೈಯೋ ಮುಂಚೆ ಯಾವ ಕೋಚ್ ಕೈಗೆ ಸಿಕ್ಕಿದ್ದ ಅಂತ ಕೇಳ್ಬೇಕು ಅನ್ಸಿದ್ದು ಆಗ್ಲೇ.

ಬಫಲೋ ಟೀಮಿನ ಕ್ವಾರ್ಟರ್‌ಬ್ಯಾಕ್ ಜಾಶ್ ಆಲೆನ್‌ದು ಇನ್ನೂ ಮಜಾ. 2018ರಲ್ಲಿ ನೂರಕ್ಕೆ 52.8 ಪಾಸ್ ಸೇರ್ತಿತ್ತು, 2020ರಲ್ಲಿ 69.2. ಕಾಲು-ಸೊಂಟ ತಿದ್ದಿದ್ದಕ್ಕೋ, ಅದೇ ವರ್ಷ ಪಾಸ್ ಹಿಡಿಯೋ ಸ್ಟೆಫಾನ್ ಡಿಗ್ಸ್ ಟೀಮಿಗೆ ಬಂದಿದ್ದಕ್ಕೋ? ಎಷ್ಟು ರಿವೈಂಡ್ ಮಾಡಿದ್ರೂ ಬಿಡಿಸಿ ಹೇಳೋಕಾಗಲ್ಲ. ನಮ್ಮ ಹೂಸ್ಟನ್ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್‌ಗೆ 2023ರ ಡ್ರಾಫ್ಟ್ (ಟೀಮುಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) ಮುಂಚೆ ಎಸ್‌2 ಬುದ್ಧಿ ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಅಂತ ಸುದ್ದಿ ಹಬ್ಸಿದ್ರು, ಅದೇ ಸೀಸನ್ ಆಫೆನ್ಸ್ ಕಡೆಯ ಬೆಸ್ಟ್ ರೂಕಿ (ಮೊದಲ ವರ್ಷದ ಆಟಗಾರ) ಅವಾರ್ಡ್ ಹೊಡ್ಕೊಂಡ. ಟೆಸ್ಟ್ ನಂಬಿದೋರ ಮುಖ ನೋಡ್ಬೇಕಿತ್ತು.

ಇನ್ನು ಆಪು. ಅಯ್ಯೋ. 10 ಸೆಕೆಂಡ್ ಹಿಂದಕ್ಕೆ ಒತ್ತಿದ್ರೆ ಹಿಂದಿನ ಪ್ಲೇಗೆ ಹೋಗಿ ಕೂರುತ್ತೆ, ಸ್ಲೋ ಮೋಷನ್ ಇಲ್ಲ, ಫೋನಲ್ಲಿ ಆಟಗಾರರು ಇರುವೆ ಥರ, ಕಂಪ್ಲೇಂಟ್ ಕೊಟ್ರೆ ಲಾಗೌಟ್ ಆಗಿ ಲಾಗಿನ್ ಆಗಿ ಅಂತ ಮೂರು ಸಲ ಅದೇ ಇಮೇಲು. ಟಿವಿಗೆ ಹಾಕೊಂಡ್ರೆ ಮಾತ್ರ ಪರವಾಗಿಲ್ಲ.

ಆಟೋ ರಿನ್ಯೂವಲ್ ಆಫ್ ಮಾಡಿದೀನಿ. ಸೆಪ್ಟೆಂಬರಲ್ಲಿ ಮತ್ತೆ ಕಟ್ತೀಯ ನೋಡ್ತಿರು ಅಂತಿದಾಳೆ ಹೆಂಡ್ತಿ.