ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು: ಸುರತ್ಕಲ್‌ವರೆಗೆ ಐದು ಸ್ಟಾರ್

ಕಾರು ಮನೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಯಾಕೆ ಬರ್ತೀರಿ ಮಾರಾಯ್ರೆ ಎಂದು ಆಫೀಸಿನಲ್ಲಿ ಕೇಳದವರಿಲ್ಲ. ಕಾರಿನಲ್ಲಾದರೆ ಒಂದು ಗಂಟೆಯ ದಾರಿ ಎಂಬುದು ಅವರ ಲೆಕ್ಕ. ರಾತ್ರಿ ಹನ್ನೊಂದು ಕಳೆದ ಮೇಲೆ ಮ್ಯಾಪಿನಲ್ಲಿ ಆ ಒಂದು ಗಂಟೆ ಕಾಣುತ್ತದೆ, ಹೌದು. ಬೆಳಿಗ್ಗೆ ಎಂಟಕ್ಕೆ ಉಡುಪಿ ಬಿಟ್ಟು, ಮಂಗಳೂರಿನ ಹಂಪನಕಟ್ಟೆಯಲ್ಲಿ ಕಾರು ನಿಲ್ಲಿಸಿ, ಆಫೀಸಿನ ಮೆಟ್ಟಿಲು ಹತ್ತಬೇಕಾದವನಿಗೆ ಆ ಲೆಕ್ಕದಿಂದ ಎಂತದೂ ಪ್ರಯೋಜನ ಇಲ್ಲ. ಎರಡರಲ್ಲೂ ವರ್ಷಗಟ್ಟಲೆ ಓಡಾಡಿದ್ದೇನೆ, ಅದಕ್ಕೇ ಈ ವಿಮರ್ಶೆ. ಬಸ್ಸೆಂದರೆ ಇಲ್ಲಿ ಖಾಸಗಿ ಎಕ್ಸ್‌ಪ್ರೆಸ್. ಯಾವ ಕಂಪೆನಿಯದ್ದೆಂದು ಕೇಳಬೇಡಿ, ನಾನು ಹೆಸರು ನೋಡಿ ಹತ್ತುವವನಲ್ಲ, ಮೊದಲು ಬಂದದ್ದಕ್ಕೆ ಹತ್ತುವವನು.

ಗಡಿಯಾರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನನ್ನ ಮನೆ ಕಿನ್ನಿಮುಲ್ಕಿಯ ಹತ್ತಿರ. ಕಾರು ತೆಗೆದು ಬಲಾಯಿಪಾದೆಯಲ್ಲಿ ಹೈವೇ ಹಿಡಿದರೆ ಸುರತ್ಕಲ್ ತನಕ ಮುಕ್ಕಾಲು ಗಂಟೆ ಸಾಕು. ಅಲ್ಲಿಂದ ಮುಂದೆ ಉಳಿದಿರುವುದು ದಾರಿಯ ಕಾಲು ಭಾಗದಷ್ಟು ಮಾತ್ರ, ಆದರೆ ಬೆಳಗಿನ ಹೊತ್ತಿನಲ್ಲಿ ಅದಕ್ಕೂ ಹತ್ತಿರ ಹತ್ತಿರ ಅಷ್ಟೇ ಸಮಯ ಬೇಕು. ಬೈಕಂಪಾಡಿ, ಪಣಂಬೂರಿನಲ್ಲಿ ಬಂದರಿನ ಲಾರಿ, ಟ್ಯಾಂಕರುಗಳು. ಕೂಳೂರು ಸೇತುವೆಯ ಹತ್ತಿರ ಎಲ್ಲವೂ ಒಟ್ಟಿಗೆ ಇಕ್ಕಟ್ಟಾಗುತ್ತವೆ. ಕೊಟ್ಟಾರ ಚೌಕಿ ದಾಟಿದಿರೋ, ಲೇಡಿಹಿಲ್‌ನಿಂದ ಜ್ಯೋತಿ ಸರ್ಕಲ್‌ವರೆಗೆ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವುದು. ಕಡೆಗೆ ಪಾರ್ಕಿಂಗ್ ಹುಡುಕಾಟ. ಹಂಪನಕಟ್ಟೆಗೆ ಬಹುಮಹಡಿ ಪಾರ್ಕಿಂಗ್ ಬರುತ್ತದೆ ಎಂಬ ಸುದ್ದಿ ಓದಿ ಓದಿ ಸಾಕಾಗಿದೆ. ನಾನು ಓಣಿ ಓಣಿ ಸುತ್ತಿ, ಯಾರದ್ದೋ ಅಂಗಡಿಯವರ ಬೈಗುಳ ತಿಂದು, ದೂರದಲ್ಲೆಲ್ಲೋ ನಿಲ್ಲಿಸಿ ನಡೆದು ಬರುವವನು. ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ ಒಂದು ಗಂಟೆ ನಲವತ್ತು ನಿಮಿಷ.

ಬಸ್ಸಿನಲ್ಲಿ? ಒಂದು ಗಂಟೆ ಐವತ್ತು. ಬಸ್ ಸ್ಟಾಪಿಗೆ ನಡೆದದ್ದು, ಜ್ಯೋತಿಯಲ್ಲಿ ಇಳಿದು ನಡೆದು ಬಂದದ್ದು, ಎಲ್ಲ ಸೇರಿ. ಹತ್ತು ನಿಮಿಷದ ವ್ಯತ್ಯಾಸ ಅಷ್ಟೇ. ಮಳೆಗಾಲದಲ್ಲಿ ಅದೂ ಇಲ್ಲ.

ಇದು ಹೇಗೆ ಅಂತ ಆಶ್ಚರ್ಯಪಡುವವರು ಹೈವೇಯನ್ನು ಒಮ್ಮೆ ಸರಿಯಾಗಿ ನೋಡಬೇಕು. ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ ಎಲ್ಲ ಪೇಟೆಯ ಹೊಟ್ಟೆಯೊಳಗಿಂದಲೇ ಹೋಗುತ್ತದೆ. ಪ್ರತಿ ಡಿವೈಡರ್ ತೆರಪಿನಲ್ಲೂ ಅಡ್ಡ ಬರುವ ಸ್ಕೂಟರ್ ಉಂಟು, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ರಿಕ್ಷಾ ಉಂಟು. ಬಸ್ಸಿಗೆ 80ರ ಸ್ಪೀಡ್ ಗವರ್ನರ್ ಇದ್ದರೆ ಕಾರಿಗೆ ಈ ಜಂಕ್ಷನ್ನುಗಳೇ ಗವರ್ನರ್. ಎಕ್ಸ್‌ಪ್ರೆಸ್ಸು ನಿಲ್ಲಿಸುವುದೂ ಮುಖ್ಯ ಪೇಟೆಗಳಲ್ಲಿ ಮಾತ್ರ. ಅರ್ಧ ನಿಮಿಷದಲ್ಲಿ ಹತ್ತಿಸಿ ಇಳಿಸಿ ಆಗುತ್ತದೆ, ಇಳಿದವರ ಕಾಲು ನೆಲಕ್ಕೆ ತಾಗುವ ಮೊದಲೇ "ಪೋಯಿ" (ಹೋಗೋಣ) ಎಂಬ ಕೂಗು ಕೇಳುತ್ತದೆ.

ದುಡ್ಡಿನ ಮಾತು. ನನ್ನದು ಸೆಕೆಂಡ್ ಹ್ಯಾಂಡ್ ಸಣ್ಣ ಪೆಟ್ರೋಲ್ ಕಾರು, ಲೀಟರಿಗೆ ಹದಿನಾರು ಕೊಟ್ಟರೆ ದೊಡ್ಡದು. ಹೋಗಿ ಬಂದು ಏಳು ಲೀಟರ್ ಹಿಡಿಯಿರಿ, ಲೀಟರಿಗೆ ನೂರು ದಾಟಿ ಎಷ್ಟು ಕಾಲವಾಯಿತು! ಅದರ ಮೇಲೆ ಹೆಜಮಾಡಿ ಟೋಲ್. ಸುರತ್ಕಲ್ ಟೋಲ್ 2022ರ ಡಿಸೆಂಬರ್ 1ಕ್ಕೆ ನಿಂತಾಗ ಪಟಾಕಿ ಹೊಡೆಯುವಷ್ಟು ಖುಷಿಯಾಗಿತ್ತು, ಅಷ್ಟು ವರ್ಷ ಜನ ಹೋರಾಡಿದ್ದಕ್ಕೆ ಬಂದ ಫಲ ಅದು. ಆದರೂ ಕಾರಿನ ಒಂದು ದಿನದ ಖರ್ಚಿನಲ್ಲಿ ಬಸ್ಸಿನಲ್ಲಿ ನಾಲ್ಕು ದಿನ ಆರಾಮವಾಗಿ ಓಡಾಡಬಹುದು. ನನ್ನಂಥ ಸಂಬಳದವನಿಗೆ ವಿಮರ್ಶೆ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯುವುದಿಲ್ಲ, ಯಾಕೆಂದರೆ ಬಸ್ಸು ನನಗೆ ಇಷ್ಟ. ಸ್ಟಾಪಿನ ಗೂಡಂಗಡಿಯಲ್ಲಿ ಅರ್ಧ ಚಹಾ ಕುಡಿಯುತ್ತಿರುವಾಗಲೇ ಜೋಡುಕಟ್ಟೆ ಕಡೆಯಿಂದ ಬರುವ ಬಸ್ಸಿನ ಹಾರ್ನ್ ಗೊತ್ತಾಗುತ್ತದೆ. ಅದರಲ್ಲೇ ಯಾವ ಡ್ರೈವರ್ ಎಂದೂ ತಿಳಿಯುತ್ತದೆ. ಲೋಟ ಇಟ್ಟು ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಬಂದು ನಿಂತಿರುತ್ತದೆ. ಟಿಕೆಟ್ ಹರಿದು ಕೈಗೆ ಕೊಡುವಾಗ ಕಂಡಕ್ಟರು ಮುಖ ನೋಡುವುದೂ ಇಲ್ಲ, ಎಲ್ಲಿಗೆ ಎಂದು ಕೇಳುವುದೂ ಇಲ್ಲ. ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಲ್‌ಪೆನ್ನಿನಲ್ಲಿ ಬಾಕಿ ಬರೆದು ಅದಕ್ಕೊಂದು ಸುತ್ತು ಹಾಕುತ್ತಿದ್ದರು. ಈಗ ಮೊಬೈಲಿನಲ್ಲೇ ದುಡ್ಡು ಹೋಗುತ್ತದೆ, ಆ ಸುತ್ತು ಹಾಕಿದ ಐದು ರೂಪಾಯಿ ಕಾಣಲು ಸಿಗುವುದು ಅಪರೂಪ. ನಾನು ಟಿಕೆಟನ್ನು ವಾಚಿನ ಪಟ್ಟಿಯೊಳಗೆ ಸಿಕ್ಕಿಸಿ, ಪಕ್ಕದವರ ಪೇಪರಿನ ಒಳಹಾಳೆ ಕೇಳಿ ತೆಗೆದುಕೊಳ್ಳುತ್ತೇನೆ. ಕ್ರೀಡಾ ಪುಟ ಓದಿ ಹಿಂದೆ ಕೊಡುವಾಗ ಉದ್ಯಾವರದ ಹೊಳೆ ದಾಟಿರುತ್ತದೆ. ಕಟಪಾಡಿಯಿಂದ ಪಡುಬಿದ್ರಿವರೆಗೆ ನಿದ್ದೆ. ಆ ನಿದ್ದೆ ಮನೆಯ ಹಾಸಿಗೆಯಲ್ಲೂ ಬರುವುದಿಲ್ಲ. ಎಚ್ಚರವಾಗುವುದು ಮೂಲ್ಕಿಯಲ್ಲಿ, ಶಾಂಭವಿ ಹೊಳೆಯ ಗಾಳಿ ಮುಖಕ್ಕೆ ಬಡಿದಾಗ. ಪಾವಂಜೆಯಲ್ಲಿ ನಂದಿನಿ ದಾಟುವಾಗ ಕನ್ನಡಕ ಒರೆಸಿ ಹಾಕಿಕೊಳ್ಳುತ್ತೇನೆ. ಕಾರಿನಲ್ಲಿ ಈ ಎರಡೂ ಹೊಳೆ ದಾಟಿದ್ದೇ ಗೊತ್ತಾಗುವುದಿಲ್ಲ, ಕಣ್ಣೆಲ್ಲ ಮುಂದಿನ ಲಾರಿಯ ಬ್ರೇಕ್ ಲೈಟಿನ ಮೇಲೆ.

ಇಲ್ಲಿಯವರೆಗೆ ಬರೀ ಹೊಗಳಿದೆ. ಈಗ ಸುರತ್ಕಲ್.

ಬಸ್ಸು ಬೇಗ ಬಂದಿರುತ್ತದೆ. ಬಂದದ್ದೇ ಕಷ್ಟ. ಡ್ರೈವರ್ ಎಂಜಿನ್ ಆಫ್ ಮಾಡುವುದಿಲ್ಲ, ನಿಲ್ಲಿಸುವುದೂ ಇಲ್ಲ. ಫಸ್ಟ್ ಗೇರಿನಲ್ಲಿ ಒಂದಡಿ ಮುಂದೆ, ಬ್ರೇಕ್, ಮತ್ತೆ ಒಂದಡಿ. ಹೊರಟೇಬಿಟ್ಟಿತು ಎಂದು ಹತ್ತುವವರಿಗೂ ಅನ್ನಿಸಬೇಕು, ಕೂತವರಿಗೂ ಅನ್ನಿಸಬೇಕು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ತಗಡು ಬಡಿದು "ಕುಡ್ಲ ಕುಡ್ಲ ಕುಡ್ಲ" ಅನ್ನುತ್ತಾನೆ, ಕುಡ್ಲ ಅಂದರೆ ತುಳುವಿನಲ್ಲಿ ಮಂಗಳೂರು. ಅಷ್ಟು ದೂರದಲ್ಲಿ ಚೀಲ ಹಿಡಿದು ನಿಧಾನಕ್ಕೆ ಬರುತ್ತಿರುವ ಅಜ್ಜಿಯೊಬ್ಬರಿಗೆ ಕೈ ಬೀಸುತ್ತಾನೆ. ಅವರು ಮಂಗಳೂರಿಗಲ್ಲ, ಮೀನು ಮಾರ್ಕೆಟ್ಟಿಗೆ ಹೊರಟವರು! ಈ ನಾಟಕ ನಡೆಯುತ್ತಿರುವಾಗ ನೀವು ಡ್ರೈವರನ ಕಣ್ಣು ನೋಡಬೇಕು. ರಸ್ತೆಯ ಮೇಲೆ ಇರುವುದಿಲ್ಲ, ಬಲಗಡೆಯ ಕನ್ನಡಿಯಲ್ಲಿ ಇರುತ್ತದೆ. ಹಿಂದಿನ ಬಸ್ಸಿನ ಮೂತಿ ಆ ಕನ್ನಡಿಯಲ್ಲಿ ಕಂಡಿತೋ, ಆ ಕ್ಷಣಕ್ಕೆ ಗೇರ್ ಬಿತ್ತು. ನಿಂತವರು ಒಬ್ಬರ ಮೇಲೊಬ್ಬರು. ಹೊನ್ನಕಟ್ಟೆಯವರೆಗೆ ಹಿಡಿಕೆ ಬಿಟ್ಟರೆ ಬಿದ್ದಿರಿ.

ಅಷ್ಟೊತ್ತು ಸುಮ್ಮನೆ ಕಳೆದು, ಆಮೇಲೆ ಜೀವ ಕೈಯಲ್ಲಿ ಹಿಡಿದು ಓಡುವುದು. ಇದೇ ಈ ಸೇವೆಯ ದೊಡ್ಡ ರೋಗ. ನಾನು ಹೇಳಿದ ಹತ್ತು ನಿಮಿಷದ ವ್ಯತ್ಯಾಸ ಹೆಚ್ಚು ಕಡಿಮೆ ಪೂರ್ತಿ ಇಲ್ಲೇ ಹೋಗುತ್ತದೆ. ಟೋಲಿನಲ್ಲಿ ಅಲ್ಲ, ಕೂಳೂರಿನಲ್ಲಿ ಅಲ್ಲ, ಸ್ಟಾಪುಗಳಲ್ಲೂ ಅಲ್ಲ. ಒಮ್ಮೆ ತಡೆಯಲಾರದೆ ಕಂಡಕ್ಟರನಿಗೆ, "ಹೋಗುವ ಅಣ್ಣಾ, ಆಫೀಸಿಗೆ ಲೇಟಾಯ್ತು" ಅಂದೆ. "ಟೈಮ್ ಆಗ್ಲಿಲ್ಲ ಸರ್" ಎಂದ. ಹಿಂದಿನ ಬಸ್ಸು ಕಂಡ ಕೂಡಲೇ ಟೈಮ್ ಹೇಗೆ ಆಯಿತು ಎಂದು ಕೇಳಿದರೆ ನಕ್ಕ. ಆ ನಗುವಿಗೆ ನನಗೆ ಇವತ್ತಿಗೂ ಸಿಟ್ಟು.

ಅವನ ಕಡೆಯದ್ದೂ ಒಂದು ಮಾತುಂಟು. ಈ ದಾರಿಯಲ್ಲಿ ಪ್ರತಿ ಬಸ್ಸಿಗೂ ಪರ್ಮಿಟ್ಟಿನ ಜೊತೆ ಸಮಯ ಗೊತ್ತು ಮಾಡಿರುತ್ತಾರೆ, ಒಂದರ ಹಿಂದೆ ಒಂದಕ್ಕೆ ಕೆಲವೇ ನಿಮಿಷದ ಅಂತರ. ಆ ನಿಮಿಷಗಳಲ್ಲಿ ಸ್ಟಾಪಿಗೆ ಬಂದ ಜನ ಅವನ ಜನ. ತಡಮಾಡಿ ನಿಂತರೆ ಹಿಂದಿನವನ ಜನವನ್ನೂ ಎತ್ತಿಕೊಳ್ಳಬಹುದು, ಬೇಗ ಹೊರಟರೆ ತನ್ನವರನ್ನು ಅವನಿಗೆ ಬಿಟ್ಟುಕೊಡಬೇಕು. ಕಲೆಕ್ಷನ್ ಹೆಚ್ಚಾದರೆ ಬತ್ತೆ ಹೆಚ್ಚು. ಟೈಮಿಂಗಿನ ಜಗಳ ಬಸ್ ಸ್ಟ್ಯಾಂಡಿನಲ್ಲಿ ಕೈ ಕೈ ಮಿಲಾಯಿಸುವವರೆಗೆ ಹೋಗಿ ಪೇಪರಿನಲ್ಲಿ ಬರುವುದು ನಮಗೆ ಹೊಸತಲ್ಲ. ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸಿನ ಚರಿತ್ರೆ 1914ರಲ್ಲಿ ಶುರುವಾದ ಸಿ.ಪಿ.ಸಿ. ಎಂಬ ಬಸ್ ಕಂಪೆನಿಯ ಕಾಲದ್ದು. ಅಷ್ಟು ಹಳೆಯ ಈ ವ್ಯವಸ್ಥೆಗೆ ದುಡಿಯುವವನಿಗೊಂದು ನಿಶ್ಚಿತ ಸಂಬಳ ಕೊಟ್ಟು ಈ ಕನ್ನಡಿ ನೋಡುವ ಕೆಲಸ ತಪ್ಪಿಸಲು ಇನ್ನೂ ಆಗಿಲ್ಲ.

ಹಾಗಾದರೆ ಸರ್ಕಾರಿ ಬಸ್ಸು? ನಮ್ಮ ಮನೆಯವಳು 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡ್ ಪರ್ಸಿನ ಮುಂದಿನ ಖಾನೆಯಲ್ಲೇ ಇಟ್ಟುಕೊಂಡಿದ್ದಾಳೆ. ಆದರೆ ಈ ರೂಟಿನಲ್ಲಿ ಖಾಸಗಿಯವರದ್ದೇ ದರ್ಬಾರು. ಕೆಂಪು ಬಸ್ಸಿಗೆ ಕಾದು ಕಾದು, ಎದುರಿಗೆ ಮೂರು ಎಕ್ಸ್‌ಪ್ರೆಸ್ ಹೋದ ಮೇಲೆ ನಾಲ್ಕನೆಯದಕ್ಕೆ ದುಡ್ಡು ಕೊಟ್ಟು ಹತ್ತುತ್ತಾಳೆ. ಕಾದ ಸಮಯವನ್ನೂ ಸೇರಿಸಿದರೆ ಅವಳ ಪ್ರಯಾಣ ನನ್ನದಕ್ಕಿಂತ ಉದ್ದ.

ಸುರತ್ಕಲ್ಲಿನ ಸಿಟ್ಟಿನಲ್ಲಿ ನಾನು ಕೆಲವು ತಿಂಗಳು ಪೂರ್ತಿ ಕಾರಿಗೆ ಬದಲಾದದ್ದೂ ಉಂಟು. ಹೋಗುವಾಗ ಪರವಾಗಿಲ್ಲ. ಸಂಜೆ ಆರೂವರೆಗೆ ಮಂಗಳೂರಿನ ಪಿವಿಎಸ್ ಸರ್ಕಲ್‌ನಲ್ಲಿ ಕ್ಲಚ್ ಮೆಟ್ಟಿ ಮೆಟ್ಟಿ ಎಡಗಾಲು ಮರಗಟ್ಟಿ, ಬೈಕಂಪಾಡಿಯಲ್ಲಿ ಟ್ಯಾಂಕರಿನ ಹಿಂದೆ ವೈಪರ್ ಹಾಕಿಕೊಂಡು ನಿಂತಾಗ ಪಕ್ಕದಲ್ಲೊಂದು ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತದೆ. ಮೇಲೆ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿದ್ದಾನೆ ನನ್ನ ಹಳೆಯ ಪೇಪರ್ ಗೆಳೆಯ. ಅವನೂ ಅಲ್ಲೇ, ನಾನೂ ಅಲ್ಲೇ. ಅವನಿಗೆ ನಿದ್ದೆ, ನನಗೆ ಕಾಲುನೋವು. ಮರುದಿನ ಕಾರಿನ ಕೀ ಗೂಟಕ್ಕೆ ಹೋಯಿತು. ಬಸ್ಸಿನವರೂ ಎಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಎಂದೇನೂ ಕೇಳಲಿಲ್ಲ. ಅದೇ ನಕ್ಕ ಕಂಡಕ್ಟರ್ ಸಂಜೆ ಭುಜ ತಟ್ಟಿ, "ಕಿನ್ನಿಮುಲ್ಕಿ ಬತ್ತ್ಂಡ್ ಸರ್, ಲಕ್ಕ್‌ಲೆ" ಎಂದು ಎಬ್ಬಿಸಿದ. ಕಾರಿಗೆ ಆ ಸೌಲಭ್ಯ ಯಾವ ಮಾಡೆಲಿನಲ್ಲೂ ಬಂದಿಲ್ಲ.

ಬೆಂಗಳೂರಿಗೂ ಇದೇ ಲೆಕ್ಕವೇ ಎಂದು ಕೇಳುವವರಿಗೆ ಚುಟುಕಾಗಿ: ಅದು ಬೇರೆ ಕಥೆ. ಮಂಗಳೂರಿನಿಂದ ಮುನ್ನೂರೈವತ್ತು ಕಿಲೋಮೀಟರ್, ನಡುವೆ ಶಿರಾಡಿ ಘಾಟಿ. 2018ರಲ್ಲಿ ಕಾಂಕ್ರೀಟ್ ಹಾಕಲು ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು, ತೆರೆದ ಮುಂದಿನ ತಿಂಗಳೇ ಗುಡ್ಡ ಜರಿದು ಮತ್ತೆ ಬಂದ್. ಅಲ್ಲಿ ಬಸ್ಸೋ ಕಾರೋ ಎನ್ನುವುದಕ್ಕಿಂತ ಘಾಟಿ ತೆರೆದಿದೆಯೋ ಇಲ್ಲವೋ ಎಂಬುದೇ ಸಮಯ ತೀರ್ಮಾನಿಸುತ್ತದೆ. ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗಿ ಅಷ್ಟೆ.

ಹಾಗೆಂದು ಕಾರು ಮಾರಿಲ್ಲ. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ದಿನ, ಮೂವರಿಗಿಂತ ಹೆಚ್ಚು ಜನ ಮದುವೆಗೆ ಹೋಗುವ ದಿನ ಕಾರೇ. ನಾಲ್ಕು ಟಿಕೆಟಿನ ದುಡ್ಡು ಮತ್ತು ಪೆಟ್ರೋಲಿನ ದುಡ್ಡು ಆಗ ಹತ್ತಿರ ಹತ್ತಿರ ಬರುತ್ತವೆ. ರಾತ್ರಿ ಯಕ್ಷಗಾನ ನೋಡಿ ಹಿಂತಿರುಗುವವರಿಗೆ ಬಸ್ಸಿನ ನೆನಪೇ ಬೇಡ. ಸರಿಯಾಗಿ ಒಂಬತ್ತೂವರೆಗೆ ಬೆರಳೊತ್ತಿ ಹಾಜರಿ ಹಾಕಬೇಕಾದ ಕೆಲಸದವರು, ಸುರತ್ಕಲ್ ಒಂದನ್ನು ಲೆಕ್ಕಕ್ಕೆ ಹಿಡಿದು ಒಂದು ಬಸ್ಸು ಮುಂಚೆ ಹತ್ತುವುದು ಒಳ್ಳೆಯದು.

ಹೊಸದಾಗಿ ಓಡಾಡಲು ಶುರುಮಾಡುವವರು ಸೀಟಿನ ವಿಷಯ ತಿಳಿದುಕೊಂಡಿರಿ. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಬಿಸಿಲು ಎಡಗಡೆ, ಸಂಜೆ ಉತ್ತರಕ್ಕೆ ಬರುವಾಗಲೂ ಎಡಗಡೆಯೇ. ಹಾಗಾಗಿ ಎರಡೂ ಹೊತ್ತು ಬಲಬದಿ, ಡ್ರೈವರನ ಸಾಲು. ಜೂನ್ ಬಂದರೆ ಬೆಳಗಿನ ಲೆಕ್ಕ ಉಲ್ಟಾ, ಮಳೆ ಕಡಲಿನ ಕಡೆಯಿಂದ ಹೊಡೆದು ಗಾಜಿನ ಸಂದಿಯಲ್ಲಿ ನೀರು ಇಳಿದು ಪ್ಯಾಂಟ್ ಒದ್ದೆಯಾಗುತ್ತದೆ, ಎಡಕ್ಕೆ ಹೋಗಿ. ಮುಂದಿನ ಬಾಗಿಲಿನ ಪಕ್ಕದ ಸೀಟು ಖಾಲಿ ಕಂಡರೂ ಆಸೆಪಡಬೇಡಿ, ಕಟಪಾಡಿಯಿಂದ ಮೂಲ್ಕಿವರೆಗೆ ಹತ್ತಿ ನಿಂತವರ ಬ್ಯಾಗು, ಟಿಫಿನ್ ಡಬ್ಬ, ಕೊಡೆ ಎಲ್ಲ ನಿಮ್ಮ ಮಡಿಲಿಗೇ ಬರುತ್ತವೆ.