ಧಾರಿಗಿಂತ ಮೊದ್ಲ ಕೀಲು ನೋಡೋ ಕಾಕಾ: ಪುಣೆ ಬೋಹರಿ ಆಳಿಯ ಚಾಕು ರಿಪೇರಿ ಅಂಗಡಿ

ಪುಣೆದಾಗ ಮಡಚೋ ಚಾಕು ರಿಪೇರಿ ಮಾಡೋರು ಯಾರರ ಇದ್ದಾರೇನ್ರಿ ಅಂತ ಭಾಳ ಮಂದಿ ಕೇಳ್ತಿರ್ತಾರ, ಅದಕ್ಕ ಇದನ್ನ ಬರೀಲಿಕ್ಕತ್ತೀನಿ. ಇದ್ದಾರ. ರವಿವಾರ ಪೇಠದ ಬೋಹರಿ ಆಳಿ ಗೊತ್ತಲ್ರಿ, ನಟ್ಟು ಬೋಲ್ಟು ಹಗ್ಗ ಸ್ಪ್ಯಾನರು ಎಲ್ಲಾ ಸಿಗೋ ಓಣಿ, ಅಲ್ಲೇ ಒಂದು ಸಂದಿಯೊಳಗ ಬೋರ್ಡಿಲ್ಲದ ಅಂಗಡಿ ಅದ, ಅಗಲ ಆರು ಅಡಿ ಇದ್ರ ಹೆಚ್ಚು, ಬಾಗಲಿಗೆ ದರ್ಜಿಗಳ ದೊಡ್ಡ ಕತ್ತರಿ ಎರಡು ಜೋತು ಬಿಟ್ಟಿರ್ತಾರ, ಅದೇ ಗುರ್ತು. ಒಳಗ ಕೂತ ಕಾಕಾಗ ಅರವತ್ತು ದಾಟ್ಯಾವ. ನಿಪ್ಪಾಣಿ ಕಡೆಯವರು, ನಾನು ಫೋನಿನ್ಯಾಗ ಅವ್ವನ ಜೋಡಿ ಕನ್ನಡದಾಗ ಮಾತಾಡೋದು ಕೇಳಿ "ಯಾವ ಊರು ತಮ್ಮಾ?" ಅಂತ ಕೇಳಿದ್ರು, ಧಾರವಾಡ ಅಂದೆ, ಅಲ್ಲಿಂದ ಮರಾಠಿ ಮಾತು ಬಂದ್ ಆತು.

ನಾನು ಏಳು ವರ್ಷದಿಂದ ಹಳೇ ನಮೂನಿ ಮಡಚೋ ಚಾಕು ಕೂಡಿಸ್ಲಿಕ್ಕತ್ತೀನಿ, ಒಟ್ಟು ಇಪ್ಪತ್ತಮೂರು ಅವ. ಅಲಗಿನ ಸ್ಟೀಲು, ಹಿಡಿಕೆಯ ಮರ ಎಲ್ಲಾ ಆಮ್ಯಾಲೆ, ನಂಗ ಮೊದ್ಲ ಹುಚ್ಚು ಹಿಡಿಸಿದ್ದು ಲಾಕು. ತೆರೆದ ಅಲಗು ಬಳಸೋ ಮುಂದ ಬೆರಳಿನ ಮ್ಯಾಲ ಮಡಚ್ಕೊಂಡು ಬೀಳಬಾರದು, ಇದೊಂದೇ ತೊಂದ್ರಿಗೆ ಬ್ಯಾರೆ ಬ್ಯಾರೆ ದೇಶದ ಕಮ್ಮಾರರು ಎಷ್ಟು ನಮೂನಿ ಉತ್ತರ ಹುಡುಕ್ಯಾರ ಅಂತ ನೋಡ್ತಾ ಕೂತ್ರ ರಾತ್ರಿ ಹನ್ನೆರಡು ಆಗಿದ್ದು ತಿಳಿಯೂದಿಲ್ಲ. ಆದ್ರ ರಿಪೇರಿಗೆ ಅಂತ ಹೋದ್ರ ಎಲ್ಲಾರೂ ಧಾರಿ ಹಚ್ಚಿ ಕೈಗೆ ಕೊಡ್ತಾರ, ಲಾಕಿನ ಕಡೆ ಯಾರೂ ನೋಡೂದಿಲ್ಲ. ಈ ಕಾಕಾ ನೋಡ್ತಾರ. ನಾನು ಚಾಕು ಕೊಟ್ಟ ಕೂಡ್ಲೆ ಅವರು ಹೆಬ್ಬೆರಳಿನಿಂದ ಧಾರಿ ಮುಟ್ಟಿ ನೋಡ್ಲಿಲ್ಲ, ಅಲಗು ತೆರೆದು ಎಡಕ್ಕ ಬಲಕ್ಕ, ಮ್ಯಾಲ ಕೆಳಗ ಅಲ್ಲಾಡಿಸಿ, ಕಿವಿ ಹತ್ರ ಹಿಡಿದು ಮತ್ತ ಮಡಚಿದ್ರು. "ಧಾರಿ ಯಾರ ಬೇಕಾದ್ರೂ ಹಚ್ಚತಾರ, ಕೀಲು ಹೋತಂದ್ರ ಚಾಕೂನ ಹೋತು" ಅಂದ್ರು. ಕೀಲು! ಪಿವಟ್, ಜಾಯಿಂಟ್, ಲಾಕ್ ಅಂತ ಇಷ್ಟು ವರ್ಷ ಅಂತಿದ್ದೆ, ಎಲ್ಲಾದಕ್ಕೂ ನಮ್ಮಲ್ಲಿ ಇಷ್ಟು ಛಲೋ ಶಬ್ದ ಇತ್ತು.

ಮೊದ್ಲ ಸಲ ಒಯ್ದಿದ್ದು ಜೂನಾ ಬಜಾರದಾಗ ಸಿಕ್ಕ ಒಂದು ಹಳೇ ಚಾಕು, ಇಂಗ್ಲೆಂಡಿನ ಶೆಫೀಲ್ಡ್ ಊರಿಂದು. ಮಂಗಳವಾರ ಪೇಠದ ಜೂನಾ ಬಜಾರ ಬುಧವಾರ ರವಿವಾರ ಕೂಡ್ತದ, ಹಳೇ ಕಬ್ಬಿಣದ ಗುಡ್ಡಿಯೊಳಗ ಕೈ ಹಾಕಿದಾಗ ಬಂತು, ಕೊಂಬಿನ ಹಿಡಿಕೆ, ಅಲಗಿನ ಬುಡಕ್ಕ ನಕ್ಷತ್ರ ಮತ್ತ ಮಾಲ್ಟಾ ಶಿಲುಬೆಯ ಗುರ್ತು, ಅಂದ್ರ ಜೋಸೆಫ್ ರಾಜರ್ಸ್ ಕಂಪನೀದು. ಜಂಗು ಹಿಡಿದು ಕೀಲು ಬಿಗಿದುಬಿಟ್ಟಿತ್ತು. ಇದು ಸ್ಲಿಪ್‌ಜಾಯಿಂಟ್, ಖರೇ ಹೇಳಬೇಕಂದ್ರ ಇದರಾಗ ಲಾಕೇ ಇಲ್ಲ. ಹಿಡಿಕೆಯ ಬೆನ್ನಿಗುಂಟ ಒಂದು ಗಟ್ಟಿ ಪಟ್ಟಿ ಸ್ಪ್ರಿಂಗ್ ಇರ್ತದ, ಅದು ಅಲಗಿನ ಬುಡದ ಚಪ್ಪಟೆ ಭಾಗವನ್ನ ಒತ್ತಿ ಹಿಡೀತದ, ನೀವು ಜೋರು ಹಾಕಿದ್ರ ಸ್ಪ್ರಿಂಗ್ ಮ್ಯಾಲೆದ್ದು ಅಲಗು ಮಡಚ್ತದ, ಅಷ್ಟೇ. ಸ್ವಿಸ್ ಆರ್ಮಿ ಚಾಕೂನ 91 ಮಿಲಿಮೀಟರ್ ಮಾಡೆಲ್‌ಗಳೊಳಗ ಇರೋದೂ ಇದೇ. ಕಾಕಾ ಅದನ್ನ ಎರಡು ದಿನ ಸೀಮೆಎಣ್ಣಿಯೊಳಗ ನೆನೆಸಿಟ್ಟು, ತಾಸಿಗೊಮ್ಮೆ ತುಸು ತುಸು ಅಲಗು ಆಡಿಸಿ, ಕರೀ ಹೊಲಸೆಲ್ಲಾ ಹೊರಗ ಬರೋ ತನಕ ಒರೆಸಿದ್ರಂತ. ಕೀಲಿನ ಪಿನ್ ಹೊರಗ ತಗೀಲಿಲ್ಲ, ಯಾಕಂದ್ರ ಹಳೇ ಪಿನ್ ಬಡಿದು ಕೂಡಿಸಿದ್ದು, ತಗೀಲಿಕ್ಕೆ ಹೋದ್ರ ಕೊಂಬು ಸೀಳ್ತದ. ಅಲಗು ಆಚೆ ಈಚೆ ಆಡ್ತಿತ್ತಲ್ಲ, ಅದಕ್ಕ ಸಣ್ಣ ಸುತ್ತಿಗಿಂದ ಪಿನ್ನಿನ ತಲೀ ಮ್ಯಾಲ ಟುಕ್ ಟುಕ್ ಅಂತ ನಾಕೈದು ಏಟು, ಪ್ರತಿ ಏಟಿಗೂ ಒಮ್ಮೆ ತೆರೆದು ನೋಡೋದು, ಒಂದು ಏಟು ಹೆಚ್ಚಾದ್ರ ಕೀಲು ಹಿಡ್ಕೋತದ. ತಗೊಂಡು ಹೋಗ್ಲಿಕ್ಕೆ ಬಂದಾಗ ತೆರೆದ್ರ 'ಟಪ್' ಅಂತು. ಆ ಸಪ್ಪಳ ಕೇಳಿ ನಂಗ ಕಣ್ಣು ತುಂಬಿ ಬಂತು ನೋಡ್ರಿ, ಖರೇನ.

ಎರಡನೇ ಸಲ ಒಪಿನೆಲ್ ನಂಬರ್ 8, ಕಾರ್ಬನ್ ಸ್ಟೀಲಿಂದು. ಫ್ರಾನ್ಸಿನ ಸವೋಯ್ ಗುಡ್ಡಗಾಡಿನ ರೈತರ ಚಾಕು, 1890ರಿಂದ ಮಾಡ್ಲಿಕ್ಕತ್ತಾರ, ಅಲಗು 8.5 ಸೆಂಟಿಮೀಟರ್. 1955ರಾಗ ಇದಕ್ಕ ವಿರೋಬ್ಲಾಕ್ ಅನ್ನೋ ಉಂಗರ ಹಾಕಿದ್ರು, ಅಲಗು ತೆರೆದು ಉಂಗರ ತಿರುಗಿಸಿದ್ರ ಹಿಡಿಕೆಯ ಸೀಳು ಮುಚ್ಚಿ ಅಲಗು ಹಿಂದಕ್ಕ ಬರ್ಲಿಕ್ಕೆ ದಾರೀನೇ ಇರೂದಿಲ್ಲ. ಒಂದು ಸ್ಪ್ರಿಂಗ್ ಇಲ್ಲ, ಬಟನ್ ಇಲ್ಲ, ನನ್ನ ಲೆಕ್ಕದಾಗ ಜಗತ್ತಿನ ಎಲ್ಲಾಕಿಂತ ಸರಳ ಲಾಕು. ಪುಣೆ ಮಳಿಗಾಲದಾಗ ನಾನೇ ಅದನ್ನ ತೊಯ್ದ ಬ್ಯಾಗಿನಾಗ ಬಿಟ್ಟಿದ್ದೆ, ಬೀಚ್ ಮರ ನೀರು ಕುಡಿದು ಉಬ್ಬಿ ಅಲಗನ್ನ ಅವಚಿ ಹಿಡಿದಿತ್ತು. ಹಿಡಿಕೆಯ ಹಿಂಬದಿ ಮೇಜಿಗೆ ಕುಟ್ಟಿದ್ರ ಅಲಗು ಸ್ವಲ್ಪ ಹೊರಗ ಇಣಿಕಿ ಹಾಕ್ತದ, ಫ್ರಾನ್ಸಿನವರೂ ಹಂಗ ಮಾಡ್ತಾರ, ಆದ್ರ ಇದು ಅದಕ್ಕೂ ಬಗ್ಗಲಿಲ್ಲ. ಕಾಕಾ ನೆರಳಿನಾಗ ವಾರ ಒಣಗಿಸಿ, ಸೀಳಿನ ಒಳಗ ಪಾಲಿಶ್ ಕಾಗದ ಆಡಿಸಿ, ಅಗಸಿ ಎಣ್ಣಿ ಹಚ್ಚಿ ಕೊಟ್ರು. ಶೇಂಗಾ ಎಣ್ಣಿ ಯಾಕ ಬ್ಯಾಡ ಅಂತ ಕೇಳಿದೆ. ಅಗಸಿ ಎಣ್ಣಿ ಗಾಳಿಗೆ ಒಣಗಿ ಮರದಾಗ ಗಟ್ಟಿ ಆಗ್ತದ, ಶೇಂಗಾ ಎಣ್ಣಿ ಒಣಗೂದಿಲ್ಲ, ಅಂಟಂಟಾಗಿ ನಾತ ಹೊಡೀತದ ಅಂದ್ರು. ಸಡಲಾಗಿದ್ದ ಉಂಗರಾನೂ ಸರ್ಕ್ಲಿಪ್ ಪಕ್ಕಡದಿಂದ (ಉಂಗರ ಅಗಲಿಸೋ ಇಕ್ಕಳ) ತಗದು, ಒಂಚೂರು ಅಮುಕಿ ಬಿಗಿ ಮಾಡಿ ಕೂಡಿಸ್ಯಾರ, ಅದನ್ನ ನಾನು ಹೇಳಿದ್ದೂ ಇಲ್ಲ. ಮತ್ತ ಮಾವಿನಕಾಯಿ ಕೊಯ್ದು ಅಲಗಿನ ಮ್ಯಾಲ ಬಂದ ನೀಲಿಗಪ್ಪು ಬಣ್ಣವನ್ನ ಜಂಗು ಅಂತ ತಿಳಿದು ಉಜ್ಜಿ ಹಾಕ್ಲಿಲ್ಲ, "ಇದು ಇದ್ರನ ಜಂಗು ದೂರ ಇರತೈತಿ" ಅಂದ್ರು. ಇದಕ್ಕಿಂತ ಮೊದ್ಲ ಬ್ಯಾರೆ ಒಂದು ಅಂಗಡಿಗೆ ಕೊಟ್ಟಾಗ ಫಳಫಳ ಹೊಳೆಯೋ ಹಂಗ ಬಫ್ ಹೊಡೆದು, ತುದಿ ನೀಲಿ ಆಗೋ ತನಕ ಒಣ ಚಕ್ರಕ್ಕ ಹಿಡಿದಿದ್ರು. ಹಂಗ ಚಕ್ರದ ಮ್ಯಾಲ ಅಲಗು ನೀಲಿ ತಿರುಗ್ತು ಅಂದ್ರ ಬಿಸಿ 300 ಡಿಗ್ರಿ ಹತ್ರ ಹೋಗೇದ ಅಂತ ಅರ್ಥ, ಸ್ಟೀಲಿನ ಹದ ಹೋತು, ಆ ತುದಿ ಇವತ್ತಿಗೂ ಧಾರಿ ಹಿಡಿಯೂದಿಲ್ಲ. ಈ ಕಾಕಾನ ಹತ್ರ ಎಲ್ಲಾ ಕೆಲಸ ನೀರು ಹಾಕಿ ಮಸೆಯೋ ಕಲ್ಲಿನ ಮ್ಯಾಲೇ, ಮೋಟರ್ ಚಕ್ರ ಕತ್ತರಿಗಷ್ಟೇ, ಅದಕ್ಕೂ ಮ್ಯಾಲಿಂದ ನೀರು ತೊಟ್ಟಿಕ್ಕತಿರ್ತದ.

ಮೂರನೇದು ಲಾಕ್‌ಬ್ಯಾಕ್. 1964ರಾಗ ಅಮೆರಿಕಾದ ಬಕ್ 110 ಬಂದ ಮ್ಯಾಲ ಈ ನಮೂನಿ ಎಲ್ಲಾ ಕಡೆ ಹಬ್ಬಿತು, ನನ್ನ ಹತ್ರ ಇರೋದು ಹೆಸರಿಲ್ಲದ ಒಂದು ನಕಲು. ಬೆನ್ನಿನ ಪಟ್ಟಿ ತಕ್ಕಡಿ ದಂಡಿ ಹಂಗ ನಡುವಿನ ಪಿನ್ ಮ್ಯಾಲ ಆಡ್ತದ, ಮುಂದಿನ ಕೊಕ್ಕಿ ಅಲಗಿನ ಬುಡದ ಕಚ್ಚಿನೊಳಗ ಬಿದ್ರ ಲಾಕು, ಹಿಂದ ಒತ್ತಿದ್ರ ಕೊಕ್ಕಿ ಏಳ್ತದ. ಲಾಕು ಜಾರ್ತದ ಕಾಕಾ ಅಂದೆ. ಅವರು ಸೂಜಿಯಿಂದ ಆ ಕಚ್ಚಿನೊಳಗಿಂದ ಅರಬಿ ಎಳಿ, ಧೂಳು ಸೇರಿದ ಒಂದು ಸಣ್ಣ ಗಂಟು ತಗದು ಅಂಗೈ ಮ್ಯಾಲ ಇಟ್ರು. ಕಿಸೆಯ ಕಸ ಅಲ್ಲಿ ತುಂಬಿ ಕೊಕ್ಕಿ ಪೂರಾ ಕೂಡ್ತಿದ್ದಿಲ್ಲ, ಅಷ್ಟೇ ರೋಗ. ರೊಕ್ಕ ತಗೊಳ್ಳಲಿಲ್ಲ. ಆದ್ರ ಅಲಗು ಮ್ಯಾಲ ಕೆಳಗ ಸ್ವಲ್ಪ ಆಡೋದು ಹಂಗೇ ಉಳೀತು, ಕೊಕ್ಕಿಯ ಮಾರಿ ಸವೆದದ, ಸುತ್ತಿಗಿ ಹೊಡೆದ್ರ ಸರಿ ಆಗೂದಲ್ಲ ಅಂತ ಸ್ಪಷ್ಟ ಹೇಳಿದ್ರು, ಈ ಖರೇತನ ನಂಗ ಧಾರಿಗಿಂತ ದೊಡ್ಡದು ಅನಿಸ್ತು.

ಜಪಾನಿನ ಹಿಗೊನೊಕಾಮಿ ತೋರಿಸಿದಾಗ ಮಾತ್ರ ಕಾಕಾನ ಮಾರಿ ನೋಡಬೇಕಿತ್ತು. ಮಿಕಿ ಊರಿಂದು, ಮಡಚಿದ ತಗಡಿನ ಹಿಡಿಕೆ, ಸ್ಪ್ರಿಂಗೂ ಇಲ್ಲ ಲಾಕೂ ಇಲ್ಲ, ಅಲಗಿನ ಹಿಂದ ಚಿಕಿರಿ ಅನ್ನೋ ಸಣ್ಣ ಬಾಲ ಇರ್ತದ, ಅದರ ಮ್ಯಾಲ ನಿಮ್ಮ ಹೆಬ್ಬೆರಳೇ ಲಾಕು. ಹತ್ತು ಸಲ ತೆರೆದು ಮುಚ್ಚಿ "ನಮ್ಮ ಹಳ್ಯಾಗ ಕಮ್ಮಾರಗೂ ಮಾಡಾಕ ಬರೋ ಹಂಗ ಐತಿ" ಅಂತ ಅಂದು ಒಂದು ಹನಿ ಎಣ್ಣಿ ಬಿಟ್ಟು ವಾಪಸ್ ಕೊಟ್ರು.

ಅಲ್ಲಿ ಮಾಡಂಗಿಲ್ಲ ಅಂದ್ರ ಬಟನ್ ಒತ್ತಿದ್ರ ಅಲಗು ಹಾರಿ ಹೊರಗ ಬರೋ ಚಾಕು. ಒಬ್ಬ ಹುಡುಗ ರಾಮ್‌ಪುರಿ ತಂದಿದ್ದ, ಕಾಕಾ ಮುಟ್ಟಲಿಲ್ಲ. ರಾಮ್‌ಪುರದ ಕಾರೀಗರರ ಕೈಚಳಕಕ್ಕ ನನ್ನ ನಮಸ್ಕಾರ ಅದ, ಆದ್ರ ಅಂಗಡಿಯವರು ತಮ್ಮ ಗೆರಿ ತಾವು ಹಾಕ್ಕೊಂಡಿದ್ದು ನಂಗ ಸರಿ ಅನಿಸ್ತು. ನೀವು ಒಯ್ಯೋ ಮುಂದನೂ ಅರಬಿಯೊಳಗ ಸುತ್ತಿ ಡಬ್ಬಿಯೊಳಗ ಇಟ್ಟು ಒಯ್ರಿ, ಮೆಟ್ರೋ ಬ್ಯಾಡ, ಅಲ್ಲಿ ಬ್ಯಾಗ್ ಚೆಕ್ ಮಾಡ್ತಾರ, ನಾನು ಕೋಥ್ರೂಡಿಂದ ಬಸ್ಸಿಗೇ ಹೋಗ್ತೀನಿ. ಆಯುಧ ಕಾಯ್ದೆಯ ನಿಯಮದಾಗ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಮಾತು ಬರ್ತದ, ನನ್ನ ಸಂಗ್ರಹದಾಗ ಎಲ್ಲಾಕಿಂತ ಉದ್ದಂದು 4 ಇಂಚು.

ಕೊರತಿ ಅವ, ಹೇಳೇ ಹೇಳ್ತೀನಿ. ಮೂರು ದಿನ ಅಂದ್ರ ಒಂಬತ್ತು ದಿನ ಅಂತ ತಿಳ್ಕೋರಿ. ಬಿಲ್ ಇಲ್ಲ, ಚೀಟಿ ಇಲ್ಲ, ನಿಮ್ಮ ಚಾಕೂನ ಫೋಟೋ ಮೊದ್ಲ ತಕ್ಕೊಂಡು ಇಟ್ಕೋರಿ, ನಂಗೊಮ್ಮೆ ಬ್ಯಾರೆಯವರ ಚಾಕು ಕೈಗೆ ಬಂದಿತ್ತು. ಫೋನ್ ಎತ್ತೂದಿಲ್ಲ. ಗರಗಸದ ಹಲ್ಲಿನ ಅಲಗಿಗೆ ಧಾರಿ ಹಚ್ಚೂದಿಲ್ಲ. ಲೈನರ್ ಲಾಕಿನ (ಹಿಡಿಕೆಯೊಳಗಿನ ತಗಡಿನ ಪಟ್ಟಿ ಸರಿದು ಅಲಗು ತಡಿಯೋ ನಮೂನಿ) ಹೊಸ ಚಾಕು, ಸ್ಕ್ರೂ ಬಿಚ್ಚೋವು, ಅವರಿಗೆ ಅಷ್ಟು ರೂಢಿ ಇಲ್ಲ, ಅದನ್ನ ಮನ್ಯಾಗೇ ನೀವೇ ಬಿಚ್ಚಿ ಒರೆಸ್ಕೊಳ್ಳೋದು ಛಲೋ. ನಾಕು ಚಾಕು ಸೇರಿ ನಂದು 520 ರೂಪಾಯಿ ಆತು, ಇದು ಕಡಿಮೀನೇ ಆತು ಅಂತ ನಾನೇ ಅಂದೆ, ಅವರು ಕೇಳಲಿಲ್ಲ. ಮಧ್ಯಾಹ್ನ ಒಂದರಿಂದ ನಾಕರ ತನಕ ಬಾಗಲಾ ಹಾಕಿರ್ತಾರ, ಗಾಡಿ ನಿಲ್ಲಿಸ್ಲಿಕ್ಕೆ ಅಲ್ಲಿ ಜಾಗಾನೇ ಇಲ್ಲ, ಮಂಡಈ ಮಾರ್ಕೆಟ್ ಕಡೆ ನಿಲ್ಲಿಸಿ ನಡ್ಕೋತ ಹೋಗ್ರಿ.

ನಮ್ಮ ಅಜ್ಜಿಯ ಹಿತ್ತಾಳಿ ಅಡಕೊತ್ತ ಈಗ ಅವರ ಹತ್ರನೇ ಅದ, ಕೀಲು ಸಡಲಾಗಿ ಅಡಕಿ ಕತ್ತರಿಸೋ ಬದಲು ಜಜ್ಜತಿತ್ತು. ಶನಿವಾರ ಬಾ ಅಂದಾರ, ಅಂದ್ರ ಮುಂದಿನ ಶನಿವಾರಕ್ಕ ಹೋಗ್ತೀನಿ.